ಹದ ಮತ್ತು ಅನುವು: ಗ್ರಾಮೀಣ ಧಾರವಾಡದ ದುಡಿಮೆಯ ನೆಲೆಗಳಲ್ಲಿ ಗುಂಪು ಕಲಿಕೆ

1. ಪೀಠಿಕೆ

ದುಡಿಮೆಯ ನಡುವೆ ಹುಟ್ಟಿದ ಹಾಡು, ಗಾದೆ, ಒಗಟುಗಳನ್ನು ಕನ್ನಡ ಜಾನಪದ ಅಧ್ಯಯನವು ಶ್ರದ್ಧೆಯಿಂದ ಸಂಗ್ರಹಿಸಿದೆ. ಈ ಕಾರ್ಯದಲ್ಲಿ ಧಾರವಾಡದ ವಿದ್ವಾಂಸರ ಪಾಲು ದೊಡ್ಡದು. ಆದರೆ ಹಾಡಿನ ಪಠ್ಯಕ್ಕೆ ದೊರೆತ ಗಮನ ಆ ಹಾಡಿಗೆ ಆಸರೆಯಾಗಿದ್ದ ಕೆಲಸಕ್ಕೆ ಅಷ್ಟಾಗಿ ದೊರೆಯಲಿಲ್ಲ. ಆ ಕೆಲಸವನ್ನು ಜನ ಹೇಗೆ ಕಲಿತರು, ಬಲ್ಲವರು ಬಾರದವರಿಗೆ ಹೇಗೆ ದಾಟಿಸಿದರು, ಯಾರಿಗೆ ದಾಟಿಸಲಿಲ್ಲ ಎಂಬ ಪ್ರಶ್ನೆಗಳು ಸಾಹಿತ್ಯದ ಹೊರಗಿನವು ಎಂಬ ಭಾವನೆಯಿಂದ ಬದಿಗೆ ಸರಿದಿವೆ.

ಇನ್ನೊಂದೆಡೆ, 1990ರ ದಶಕದಿಂದ ಈಚೆಗೆ ಸರಕಾರಿ ಇಲಾಖೆಗಳೂ ಸ್ವಯಂಸೇವಾ ಸಂಸ್ಥೆಗಳೂ ಹಳ್ಳಿಗಳಲ್ಲಿ ‘ಗುಂಪು’ ಎಂಬ ಘಟಕವನ್ನು ಮುಂದಿಟ್ಟುಕೊಂಡು ತರಬೇತಿ ನಡೆಸುತ್ತ ಬಂದಿವೆ. ಗುಂಪಿನ ನಡುವೆ ನಿಂತು ಪಾಠ ಹೇಳದೆ, ಗುಂಪೇ ಕಲಿಯುವಂತೆ ನೋಡಿಕೊಳ್ಳುವ ವ್ಯಕ್ತಿಗೆ ಸುಗಮಕಾರ, ಅನುಕೂಲಕಾರ, ಅನುವುಗಾರ ಎಂಬ ಹೆಸರುಗಳು ಕನ್ನಡದಲ್ಲಿ ಬಳಕೆಗೆ ಬಂದಿವೆ. ಈ ಪದ್ಧತಿ ಹೊರಗಿನಿಂದ ಬಂದುದೆ? ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗಗಳ ದುಡಿಮೆಯಲ್ಲಿ ಇದಕ್ಕೆ ಹೊಂದುವ ನಡೆಗಳು ಮೊದಲೇ ಇದ್ದವೆ? ಇದ್ದಲ್ಲಿ ಹೊಸ ಪದ್ಧತಿ ಅವಕ್ಕೆ ಏನನ್ನು ಕೂಡಿಸಿತು? ಈ ಪ್ರಶ್ನೆಗಳನ್ನು ಕಣ, ಮಗ್ಗ, ಹೊಲ, ಸಂಘ ಎಂಬ ನಾಲ್ಕು ನೆಲೆಗಳಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪರಿಕಲ್ಪನೆಯ ಹಿನ್ನೆಲೆ

ಗುಂಪನ್ನು ಕಲಿಕೆಯ ಸಾಧನವಾಗಿ ನೋಡುವ ಆಧುನಿಕ ಚಿಂತನೆಯಲ್ಲಿ ಕರ್ಟ್ ಲೆವಿನ್‌ನ ಹೆಸರು ಮುಖ್ಯವಾದುದು. 1946ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಆತನ ತಂಡ ನಡೆಸಿದ ಕಮ್ಮಟದಲ್ಲಿ, ಹಗಲು ನಡೆದ ಚರ್ಚೆಯನ್ನು ಕುರಿತು ವೀಕ್ಷಕರು ಸಂಜೆ ತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದರು. ಶಿಬಿರಾರ್ಥಿಗಳಲ್ಲಿ ಕೆಲವರು ತಾವೂ ಅದನ್ನು ಕೇಳಬೇಕೆಂದು ಬಂದು ಕುಳಿತರು. ವೀಕ್ಷಕರ ಮಾತನ್ನು ಅವರು ತಿದ್ದಿದರು, ಒಪ್ಪಲಿಲ್ಲ, ತಮ್ಮ ಕಾರಣಗಳನ್ನು ಹೇಳಿದರು. ಹಗಲಿನ ಪಾಠಕ್ಕಿಂತ ಸಂಜೆಯ ಈ ಜಿಜ್ಞಾಸೆಯಲ್ಲೇ ಹೆಚ್ಚಿನ ಕಲಿಕೆ ನಡೆಯಿತೆಂಬುದು ತಂಡದ ಗಮನಕ್ಕೆ ಬಂತು. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ನಡುವೆ ಕೆಲಸ ಮಾಡಿದ ರೆಗ್ ರೆವನ್ಸ್, ಗಣಿಯ ತೊಡಕುಗಳನ್ನು ಗಣಿಯವರೇ ಸಣ್ಣ ಗುಂಪುಗಳಲ್ಲಿ ಕುಳಿತು ಒಬ್ಬರನ್ನೊಬ್ಬರು ಪ್ರಶ್ನಿಸುತ್ತ ಬಿಡಿಸಿಕೊಳ್ಳಬೇಕೆಂದನು. ಬ್ರೆಜಿಲ್‌ನ ಪಾವ್ಲೊ ಫ್ರೇರೆ ಅಕ್ಷರ ಕಲಿಸುವ ತನ್ನ ‘ಸಂಸ್ಕೃತಿ ವೃತ್ತ’ಗಳಲ್ಲಿ ಶಿಕ್ಷಕನ ಸ್ಥಾನಕ್ಕೆ ಸಂಯೋಜಕನನ್ನು ತಂದನು. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರ ತಮ್ಮ ಕೃತಿಯಲ್ಲಿ ಲೈಬೀರಿಯದ ದರ್ಜಿಗಳು, ಯುಕಟಾನ್‌ನ ಸೂಲಗಿತ್ತಿಯರು ಮೊದಲಾದವರ ನಿದರ್ಶನಗಳಿಂದ, ಹೊಸಬರು ಕಸುಬಿನ ಅಂಚಿನಲ್ಲಿ ನಿಂತು ಸಣ್ಣ ಕೆಲಸ ಮಾಡುತ್ತ ಕ್ರಮೇಣ ನಡುವಿಗೆ ಬರುವ ಬಗೆಯೇ ಕಲಿಕೆ ಎಂದು ಪ್ರತಿಪಾದಿಸಿದರು.

ಕರ್ನಾಟಕದಲ್ಲಿ ಈ ಚಿಂತನೆಗೆ ಗ್ರಾಮೀಣ ರೂಪ ದೊರೆತದ್ದು 1980ರ ದಶಕದಲ್ಲಿ. ಸ್ವಸಹಾಯ ಗುಂಪುಗಳನ್ನೂ, ಹಳ್ಳಿಯವರೇ ನೆಲದ ಮೇಲೆ ನಕ್ಷೆ ಬರೆದು ತಮ್ಮ ಊರನ್ನು ವಿವರಿಸುವ ಸಹಭಾಗಿ ಸಮೀಕ್ಷೆಯನ್ನೂ ರೂಢಿಗೆ ತರುವಲ್ಲಿ ಮೈರಾಡ ಸಂಸ್ಥೆ ಮುಂಚೂಣಿಯಲ್ಲಿತ್ತು. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತು. 2000ದಲ್ಲಿ ರಾಜ್ಯ ಸರಕಾರದ ಸ್ತ್ರೀಶಕ್ತಿ ಯೋಜನೆ ಬಂದಿತು. 2009ರಲ್ಲಿ ಆರಂಭವಾದ ಭೂಚೇತನ ಕಾರ್ಯಕ್ರಮದ ಮೊದಲ ಹಂತದ ಜಿಲ್ಲೆಗಳಲ್ಲಿ ಧಾರವಾಡವೂ ಸೇರಿತ್ತು. ಮಣ್ಣಿನಲ್ಲಿ ಸತು, ಬೋರಾನ್, ಗಂಧಕಗಳ ಕೊರತೆಯನ್ನು ತಿಳಿಸಿ ಪರಿಹಾರ ಸೂಚಿಸುವ ಈ ಕಾರ್ಯಕ್ರಮದಲ್ಲಿ ಹಳ್ಳಿಯವರೇ ಆದ ರೈತರನ್ನು ಗೌರವಧನದ ಮೇಲೆ ನೇಮಿಸಿ ‘ರೈತ ಅನುವುಗಾರ’ ಎಂದು ಕರೆಯಲಾಯಿತು.

ಮೂರು ಪಾರಿಭಾಷಿಕಗಳಲ್ಲಿ ಈ ಕೊನೆಯದು ವಿಶೇಷ ಗಮನಕ್ಕೆ ಅರ್ಹವಾಗಿದೆ. ‘ಸುಗಮಕಾರ’ ಎಂದರೆ ದಾರಿಯನ್ನು ಸಲೀಸು ಮಾಡುವವನು. ‘ಅನುವು’ ಎಂಬುದಕ್ಕೆ ಸಿದ್ಧತೆ, ಹೊಂದಿಕೆ, ಅವಕಾಶ ಎಂಬ ಅರ್ಥಗಳಿವೆ. ಕೆಲಸದ ಕಲಿಕೆ ಸಲೀಸಾಗುವುದು ಕಡಿಮೆ. ಆದರೆ ಅದಕ್ಕೆ ಅನುವು ಬೇಕು. ಏಕೆಂದರೆ ಅಲ್ಲಿ ಕಲಿಯಬೇಕಾದ ವಸ್ತು ‘ಹದ’. ಮಣ್ಣಿಗೆ, ಕಬ್ಬಿಣಕ್ಕೆ, ಹಿಟ್ಟಿಗೆ, ಬೆಲ್ಲದ ಪಾಕಕ್ಕೆ, ತೊಗಲಿಗೆ ಸಮಾನವಾಗಿ ಸಲ್ಲುವ ಈ ಪದ ಅಳತೆಗೆ ಸಿಗದ, ಆದರೆ ತಪ್ಪಿದರೆ ಕೂಡಲೇ ಗೊತ್ತಾಗುವ ಸ್ಥಿತಿಯನ್ನು ಸೂಚಿಸುತ್ತದೆ. ಮೈಕೆಲ್ ಪೊಲಾನ್ಯಿ 1966ರ ಕೃತಿಯಲ್ಲಿ ವಿವರಿಸಿದ, ಮಾತಿಗೆ ಪೂರ್ತಿ ಬಾರದ ಅರಿವಿಗೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಪದವಿಲ್ಲ. ನವಲಗುಂದ–ಅಣ್ಣಿಗೇರಿಯ ಎರಿ ಭೂಮಿಯಲ್ಲಿ ಮಳೆಯಾದ ಮರುದಿನ ಕುಂಟಿ ಹೂಡಿದರೆ ಮಣ್ಣು ಮೆತ್ತಿಕೊಳ್ಳುತ್ತದೆ; ತಡಮಾಡಿದರೆ ನೆಲ ಬಿರಿಯುತ್ತದೆ. ಮಲೆನಾಡಿನ ಸೆರಗಿನ ಕಲಘಟಗಿಯ ಭತ್ತದ ನೆಲಕ್ಕೆ ಈ ಲೆಕ್ಕ ಒಪ್ಪದು. ಹದವನ್ನು ಹೇಳಿಕೊಡಲು ಬಾರದು. ವಸ್ತುವಿನ ಮುಂದೆ ನಿಂತು ಹಲವರ ಅಂದಾಜನ್ನು ಹೋಲಿಸಿ ನೋಡಿದಾಗ ಮಾತ್ರ ಅದು ಕೈಗೂಡುತ್ತದೆ. ಇಂತಹ ಹೋಲಿಕೆಗೆ ಅನುವು ಮಾಡಿಕೊಡುವುದೇ ಗುಂಪು ಕಲಿಕೆಯ ತಿರುಳು ಎಂಬುದು ಈ ಲೇಖನದ ವಾದ.

3. ಕಣದ ಹಂತಿ

ಈ ಪದ್ಧತಿಯ ದೇಶೀ ಮೂಲವನ್ನು ಹುಡುಕುವಾಗ ಕಲ್ಯಾಣದ ಅನುಭವ ಮಂಟಪವನ್ನು ನೆನೆಯುವುದು ರೂಢಿ. ದುಡಿಮೆಯ ಕಲಿಕೆಯ ದೃಷ್ಟಿಯಿಂದ ಅದಕ್ಕಿಂತ ಹತ್ತಿರದ ನಿದರ್ಶನ ಕಣದಲ್ಲಿದೆ. ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆಗಳ ಮೇಲೆ ಸುತ್ತು ಹೊಡೆಸುವುದೇ ಹಂತಿ. ಮೇಟಿಯ ಬಳಿಯ ಎತ್ತು ಕಡಿಮೆ ನಡೆಯುತ್ತದೆ, ಹೊರತುದಿಯ ಎತ್ತು ಅಷ್ಟೇ ಹೊತ್ತಿನಲ್ಲಿ ದೊಡ್ಡ ಸುತ್ತು ಹಾಕಬೇಕಾಗುತ್ತದೆ. ಯಾವ ಎತ್ತನ್ನು ಎಲ್ಲಿ ಕಟ್ಟಬೇಕು, ಮೆದೆಯನ್ನು ಯಾವಾಗ ತಿರುವಬೇಕು, ಕಾಳು ಬಿಟ್ಟಿತೆಂದು ಹೇಗೆ ತಿಳಿಯಬೇಕು ಎಂಬುವೆಲ್ಲ ಹದದ ಪ್ರಶ್ನೆಗಳು. ರಾತ್ರಿಯೆಲ್ಲ ನಡೆಯುವ ಈ ಕೆಲಸದಲ್ಲಿ ನಿದ್ದೆಯನ್ನು ದೂರವಿಡಲು ಹಂತಿಯ ಹಾಡು ಬೇಕು. ಒಬ್ಬ ಹೇಳುತ್ತಾನೆ, ಉಳಿದವರು ಹಿಡಿಯುತ್ತಾರೆ.

ಮುಂದೆ ಹೇಳುವವನು ಇಲ್ಲಿ ಕೆಲಸ ಕಲಿಸುವ ಗುರುವಲ್ಲ, ಒಡೆಯನೂ ಅಲ್ಲ. ಆತ ಗತಿಯನ್ನು ಕಾಯುವವನು. ಹಾಡಿನ ಗತಿ ಎತ್ತಿನ ಗತಿಗೆ ಹೊಂದಬೇಕು. ಹಿಡಿಯುವವರ ಉಸಿರು ಎಲ್ಲಿಗೆ ನಿಲ್ಲುತ್ತದೆಂಬುದನ್ನು ಆತ ಗಮನಿಸುತ್ತಿರಬೇಕು. ಹೊಸ ಹುಡುಗನಿಗೆ ಮೊದಲು ಸಿಗುವುದು ಹಿಡಿಯುವ ಪಾಳಿ. ಲೇವ್–ವೆಂಗರ್ ಹೇಳುವ ಅಂಚಿನಿಂದ ನಡುವಿಗೆ ಬರುವ ನಡೆಗೆ ಇದಕ್ಕಿಂತ ಸ್ಪಷ್ಟ ಚಿತ್ರ ಬೇಕಿಲ್ಲ. ಮುಯ್ಯಾಳಿನ ಪದ್ಧತಿಯಿಂದಾಗಿ ಒಬ್ಬರ ಹೊಲದ ಅನುಭವ ಮತ್ತೊಬ್ಬರ ಹೊಲಕ್ಕೆ ಸಾಗುತ್ತಿತ್ತೆಂಬುದನ್ನೂ ಇಲ್ಲಿ ಗಮನಿಸಬೇಕು.

ಆದರೆ ಈ ಮಾದರಿಗೆ ಎಲ್ಲೆಗಳಿದ್ದವು. ಹಂತಿಯ ಹಾಡು ಬಹುಮಟ್ಟಿಗೆ ಗಂಡಸರದಾಗಿತ್ತು. ಹೆಂಗಸರ ದುಡಿಮೆಯ ಹಾಡು ಬೀಸುಕಲ್ಲಿನ, ಒನಕೆಯ ಬಳಿಯಲ್ಲಿತ್ತು. ರಾಶಿಯ ಯಂತ್ರಗಳು ಬಂದ ಮೇಲೆ ಹಂತಿ ಕಣದಿಂದ ಮರೆಯಾಯಿತು. ಹಾಡು ಸಂಗ್ರಹಗಳಲ್ಲಿ ಉಳಿಯಿತು. ಹಾಡಿನೊಂದಿಗೆ ನಡೆಯುತ್ತಿದ್ದ ಕಲಿಕೆಯ ವಿವರಗಳು ಅಷ್ಟರಮಟ್ಟಿಗೆ ದಾಖಲಾಗಲಿಲ್ಲ.

4. ಜಮಖಾನೆಯ ಮಗ್ಗ

ನವಲಗುಂದದ ಜಮಖಾನೆ ಹೆಂಗಸರೇ ನೇಯುವ ಕಸುಬು. ಬಿಜಾಪುರದ ಆದಿಲಶಾಹಿ ಕಾಲದೊಂದಿಗೆ ಇದರ ಮೂಲವನ್ನು ಜೋಡಿಸಲಾಗುತ್ತದೆ. ನೇಯುವವರು ಊರಿನ ಮುಸ್ಲಿಂ ಮನೆತನಗಳ ಮಹಿಳೆಯರು. ನೆಟ್ಟಗೆ ನಿಂತ ಮಗ್ಗದ ಮುಂದೆ ಅಕ್ಕಪಕ್ಕ ಕುಳಿತು, ಬಣ್ಣದ ಹತ್ತಿ ನೂಲನ್ನು ಹಾಸಿನ ನಡುವೆ ಬೆರಳಿನಿಂದ ತೂರಿಸಿ, ಪಂಜದಿಂದ ಬಡಿದು ಕೂರಿಸುತ್ತಾರೆ. ನವಿಲು, ಪಗಡೆಯ ಹಾಸು ಮೊದಲಾದ ವಿನ್ಯಾಸಗಳಿಗೆ ಇದು ಹೆಸರಾಗಿದೆ. ನೆಲಕ್ಕೆ ಹಾಸುವ ಜಮಖಾನೆಯಲ್ಲದೆ ಪ್ರಾರ್ಥನೆಗೆ ಬಳಸುವ ಜಾನಮಾಜವನ್ನೂ ನೇಯುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ಕಲಿಕೆಯ ದೃಷ್ಟಿಯಿಂದ ಈ ಮಗ್ಗ ಎರಡು ಕಾರಣಗಳಿಗಾಗಿ ಮುಖ್ಯವಾಗುತ್ತದೆ. ಮೊದಲನೆಯದು, ಜೊತೆಗಾರಿಕೆ. ಒಂದೇ ಹಾಸಿನ ಮೇಲೆ ಇಬ್ಬರು ಕೂಡಿ ನೇಯುವಾಗ ಒಬ್ಬಳ ಬಡಿತ ಬಿಗಿಯಾಗಿ ಮತ್ತೊಬ್ಬಳದು ಸಡಿಲಾದರೆ ಬಟ್ಟೆ ಒಂದೆಡೆ ಏರಿ ಇನ್ನೊಂದೆಡೆ ಇಳಿಯುತ್ತದೆ. ತಪ್ಪನ್ನು ತೋರಿಸಲು ಮೂರನೆಯವರು ಬೇಕಿಲ್ಲ, ಬಟ್ಟೆಯೇ ಹೇಳುತ್ತದೆ. ಎರಡು ಕೈಗಳ ಹದ ಕ್ಷಣಕ್ಷಣಕ್ಕೂ ಹೋಲಿಕೆಗೆ ಒಳಗಾಗುವ ಈ ಬಗೆ ಗುಂಪು ಕಲಿಕೆಯ ಶುದ್ಧ ರೂಪ ಎನ್ನಬಹುದು.

ಎರಡನೆಯದು, ಗುಂಪಿನ ಬಾಗಿಲು. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಮನೆಗೆ ಹೋಗುವುದರಿಂದ ಕಸುಬಿನ ಗುಟ್ಟು ಹೊರಗೆ ಹೋದೀತೆಂದು ಅವರಿಗೂ ಕಲಿಸಲು ಹಿಂಜರಿಯುತ್ತಿದ್ದರೆಂಬ ಮಾತು ಈ ಕಸುಬಿನ ವಿವರಣೆಗಳಲ್ಲಿ ಬರುತ್ತದೆ. ಈ ಎಚ್ಚರವನ್ನು ಸಂಕುಚಿತತೆ ಎಂದು ತಳ್ಳಿಹಾಕುವುದು ಸರಿಯಲ್ಲ. ಹೊಲವಿಲ್ಲದ ಮನೆಗೆ ಕೈಯ ಕಸುಬೇ ಆಸ್ತಿ, ಅದನ್ನು ಕಾಯುವುದು ಬದುಕನ್ನು ಕಾಯುವುದೇ ಆಗಿತ್ತು. ಆದರೆ ಮಾರುಕಟ್ಟೆಯಲ್ಲಿ ಯಂತ್ರದ ಹಾಸುಗಳು ತುಂಬಿ ಕೂಲಿ ಇಳಿದಾಗ ಇದೇ ಕಾವಲು ಕಸುಬಿಗೆ ಮುಳುವಾಯಿತು. ಕಲಿತವರ ಸಂಖ್ಯೆ ಕಿರಿದಾಗಿದ್ದರಿಂದ ಒಬ್ಬೊಬ್ಬ ಹಿರಿಯಳು ಮಗ್ಗ ಬಿಟ್ಟಾಗಲೂ ಕಳೆದದ್ದು ಹೆಚ್ಚು. ಇಂದು ನೇಯುವವರು ಬೆರಳೆಣಿಕೆಯಷ್ಟಾಗಿದ್ದಾರೆ. ಭೌಗೋಳಿಕ ಸೂಚಕ ಹೆಸರನ್ನು ಕಾಯಬಲ್ಲದು; ಕೈಯನ್ನು ಕಾಯಲು ಕಲಿಯುವವರು ಬೇಕು. ಒಳಗಿನ ಹೋಲಿಕೆ ಎಷ್ಟೇ ಸೂಕ್ಷ್ಮವಾಗಿದ್ದರೂ ಹೊಸಬರಿಗೆ ಬಾಗಿಲು ತೆರೆಯದ ಗುಂಪಿನ ಅರಿವು ಆ ಗುಂಪಿನೊಂದಿಗೇ ಮುಗಿಯುತ್ತದೆ ಎಂಬುದು ಈ ನೆಲೆಯಿಂದ ತಿಳಿಯುವ ಅಂಶ.

5. ಹತ್ತಿಯ ಹೊಲದ ಪಾಠಶಾಲೆ

ಹೊರಗಿನಿಂದ ಬಂದ ಪದ್ಧತಿಯ ಬಲಾಬಲಗಳನ್ನು ಅರಿಯಲು ರೈತ ಕ್ಷೇತ್ರ ಪಾಠಶಾಲೆ ತಕ್ಕ ನಿದರ್ಶನ. ಇಂಡೋನೇಷ್ಯಾದಲ್ಲಿ ಕಂದು ಜಿಗಿಹುಳು ಭತ್ತವನ್ನು ಹಾಳುಗೆಡವಿದಾಗ, ಕೀಟನಾಶಕದ ಅತಿಬಳಕೆಯಿಂದ ಮಿತ್ರಕೀಟಗಳು ನಾಶವಾದದ್ದೇ ಅದಕ್ಕೆ ಕಾರಣವೆಂದು ತಿಳಿದುಬಂದಿತು. 1986ರಲ್ಲಿ ಅಲ್ಲಿನ ಸರಕಾರ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ 1989ರಲ್ಲಿ ಅಲ್ಲಿ ಕ್ಷೇತ್ರ ಪಾಠಶಾಲೆಗಳು ಆರಂಭವಾದವು. ಮುಂದೆ ಐರೋಪ್ಯ ಒಕ್ಕೂಟದ ಹಣದೊಂದಿಗೆ 2004ರ ವರೆಗೆ ಏಷ್ಯಾದ 6 ದೇಶಗಳಲ್ಲಿ ಹತ್ತಿ ಬೆಳೆಗೆ ಈ ಪದ್ಧತಿಯನ್ನು ವಿಸ್ತರಿಸಲಾಯಿತು. ಭಾರತದಲ್ಲಿ ಕರ್ನಾಟಕವೂ ಇದರ ವ್ಯಾಪ್ತಿಯಲ್ಲಿತ್ತು. ಎಎಂಇ ಪ್ರತಿಷ್ಠಾನವು ಧಾರವಾಡ ಭಾಗದಲ್ಲಿ ಇಂತಹ ಪಾಠಶಾಲೆಗಳನ್ನು ನಡೆಸಿತು.

ಹತ್ತಿ ಈ ನೆಲಕ್ಕೆ ಹೊಸದಲ್ಲ. ಜಯಧರದಂತಹ ದೇಶಿ ತಳಿಗಳು ಎರಿ ಭೂಮಿಯಲ್ಲಿ ಬೇರೂರಿದ್ದವು. 1972ರ ವರಲಕ್ಷ್ಮಿ, ಅನಂತರದ ಡಿಸಿಎಚ್-32 ಎಂಬ ಸಂಕರ ತಳಿಗಳು ಧಾರವಾಡದ ಸಂಶೋಧನ ಕೇಂದ್ರದಲ್ಲೇ ಬಿ. ಎಚ್. ಕಟರಕಿ ಅವರ ಶ್ರಮದಿಂದ ರೂಪುಗೊಂಡವು. ಸಂಕರ ತಳಿಯೊಂದಿಗೆ ಇಳುವರಿ ಹೆಚ್ಚಿತು, ಕಾಯಿಕೊರಕದ ಕಾಟವೂ ಸಿಂಪಡಣೆಯ ಖರ್ಚೂ ಹೆಚ್ಚಿದವು.

ಪಾಠಶಾಲೆಯ ಕ್ರಮ ಸರಳವಾದುದು. ಸುಮಾರು 25 ರೈತರು ಬಿತ್ತನೆಯಿಂದ ಕೊಯ್ಲಿನವರೆಗೆ ವಾರಕ್ಕೊಮ್ಮೆ ಒಂದೇ ಹೊಲದಲ್ಲಿ ಕೂಡುತ್ತಾರೆ. ನಾಲ್ಕೈದು ಜನರ ಸಣ್ಣ ತಂಡಗಳಾಗಿ ಗಿಡಗಳನ್ನು ಆರಿಸಿ ಎತ್ತರ, ಎಲೆ, ಮೊಗ್ಗು, ಹುಳು, ಮಿತ್ರಕೀಟಗಳನ್ನು ಎಣಿಸುತ್ತಾರೆ. ಕಂಡದ್ದನ್ನು ದೊಡ್ಡ ಹಾಳೆಯ ಮೇಲೆ ಚಿತ್ರವಾಗಿ ಬರೆದು, ಈ ವಾರ ಸಿಂಪಡಣೆ ಬೇಕೆ ಬೇಡವೆ ಎಂದು ಉಳಿದವರ ಮುಂದೆ ವಾದಿಸುತ್ತಾರೆ. ಗುಲಗಂಜಿ ಹುಳುವನ್ನೂ ಸಸ್ಯಹೇನನ್ನೂ ಒಂದೇ ಪಂಜರದಲ್ಲಿ ಬಿಟ್ಟು ಯಾವುದು ಯಾವುದನ್ನು ತಿನ್ನುತ್ತದೆಂದು ಕಾಯ್ದು ನೋಡುತ್ತಾರೆ. ಅಲ್ಲಿ ಅನುವುಗಾರನ ಮಾತಿಗೆ ಒಂದು ಕಟ್ಟಳೆಯಿದೆ. “ಇದು ಯಾವ ಹುಳಾ ಐತ್ರಿ?” ಎಂದು ಯಾರಾದರೂ ಕೇಳಿದರೆ ಹೆಸರು ಹೇಳಿಬಿಡುವಂತಿಲ್ಲ. “ಎಲ್ಲಿ ಸಿಕ್ಕಿತ್ರಿ? ಏನ್ ತಿನ್ನಾಕತ್ತಿತ್ರಿ?” ಎಂದು ಮರುಪ್ರಶ್ನೆ ಹಾಕಬೇಕು. ಹೆಸರು ಗೊತ್ತಾದೊಡನೆ ಅದರ ಔಷಧಿಯ ಹೆಸರು ಕೇಳುವುದು ರೂಢಿ. ಮರುಪ್ರಶ್ನೆ ಈ ರೂಢಿಯನ್ನು ತಡೆದು ಕಣ್ಣನ್ನು ಮತ್ತೆ ಗಿಡದ ಕಡೆಗೆ ತಿರುಗಿಸುತ್ತದೆ.

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಪರಿಸ್ಥಿತಿ ಬದಲಾಯಿತು. ಕಾಯಿಕೊರಕಕ್ಕೆ ಉತ್ತರ ಬೀಜದೊಳಗೇ ಅಡಗಿ ಬಂದಾಗ ವಾರವಾರ ಹುಳು ಎಣಿಸುವ ಕೆಲಸ ವ್ಯರ್ಥವೆಂದು ತೋರಿದ್ದು ಸಹಜ. ಆದರೆ ಗುಲಾಬಿ ಕಾಯಿಕೊರಕವು ಮೊದಲ ತಲೆಮಾರಿನ ಬಿಟಿಗೆ ನಿರೋಧ ಬೆಳೆಸಿಕೊಂಡದ್ದು 2010ರ ಹೊತ್ತಿಗೆ ಗುಜರಾತಿನಲ್ಲಿ ದೃಢಪಟ್ಟಿತು. ಮುಂದಿನ ವರ್ಷಗಳಲ್ಲಿ ಎರಡು ಜೀನುಗಳ ಬಿಟಿಯಲ್ಲೂ ಅದರ ಹಾವಳಿ ಕಂಡಿತು. ಮೋಹಕ ಬಲೆ ಕಟ್ಟಿ ಪತಂಗ ಎಣಿಸುವ, ಎಳೆಗಾಯಿ ಸೀಳಿ ನೋಡುವ ಸಲಹೆಗಳು ಮರಳಿ ಬಂದವು. ಅಂದರೆ ಒಂದು ತಂತ್ರಜ್ಞಾನದ ಉತ್ತರಕ್ಕೆ ಅವಧಿಯಿದೆ. ನೋಡುವ ರೂಢಿಗೆ ಅಂತಹ ಅವಧಿಯಿಲ್ಲ. ಪಾಠಶಾಲೆ ಕಲಿಸಲು ಹೊರಟದ್ದು ಈ ರೂಢಿಯನ್ನು. ಯೋಜನೆಯ ಅವಧಿ ಮುಗಿದೊಡನೆ ವಾರದ ಕೂಟ ನಿಂತುಹೋಗುವುದು ಇದರ ದೊಡ್ಡ ಕೊರತೆ. ಹಂತಿಗೆ ಸುಗ್ಗಿಯೇ ಕರೆಯುತ್ತಿತ್ತು, ಪಾಠಶಾಲೆಗೆ ಕರೆಯಲು ಯೋಜನೆಯೊಂದು ಬೇಕಾಯಿತು.

6. ತೀರ್ಥದ ಸಂಘ

ಈ ಕೊರತೆಗೆ ಒಂದು ಉತ್ತರ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ದೊರೆಯುತ್ತದೆ. 2018ರಲ್ಲಿ 15 ಮಹಿಳೆಯರು ಕೂಡಿ ಇಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘವನ್ನು ಕಟ್ಟಿದರು. ಸಹಜ ಸಮೃದ್ಧ ಸಂಸ್ಥೆಯ ಮಾರ್ಗದರ್ಶನದೊಂದಿಗೆ ಸಿರಿಧಾನ್ಯಗಳ ಸಮುದಾಯ ಬೀಜ ಬ್ಯಾಂಕನ್ನೂ ಸಿರಿಧಾನ್ಯ ಸಂಸ್ಕರಣಾ ಘಟಕವನ್ನೂ ನಡೆಸುತ್ತ ಬಂದ ಈ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂದಿತು.

ಸಾವೆ, ನವಣೆಗಳ ಕೃಷಿ ಹಿಂದೆ ಸರಿದುದಕ್ಕೆ ಅವುಗಳ ಸಿಪ್ಪೆ ತೆಗೆಯುವ ಶ್ರಮವೂ ಒಂದು ಕಾರಣ. ಕುಟ್ಟಿ, ಕೇರಿ, ಹಸನು ಮಾಡುವ ಈ ಹೊರೆ ಹೆಂಗಸರ ಮೇಲೆ ಬೀಳುತ್ತಿತ್ತು. ಯಂತ್ರ ಶ್ರಮವನ್ನು ಕಳೆಯುತ್ತದೆ, ಹದದ ಪ್ರಶ್ನೆಯನ್ನು ಕಳೆಯುವುದಿಲ್ಲ. ಕಾಳು ಹಸಿಯಾಗಿದ್ದರೆ ಸಿಪ್ಪೆ ಬಿಡದು, ಅತಿಯಾಗಿ ಒಣಗಿದರೆ ಅಕ್ಕಿ ನುಚ್ಚಾಗುತ್ತದೆ. ಸಾವೆಯ ಕಾಳಿಗೂ ನವಣೆಯ ಕಾಳಿಗೂ ಗಾತ್ರ ಬೇರೆಯಾದ್ದರಿಂದ ಜರಡಿ ಬದಲಾಗಬೇಕು. ಮೊರದ ಮುಂದೆ ಕುಳಿತು ಬೆಳೆದ ಅರಿವು ಹೀಗೆ ಯಂತ್ರದ ಮುಂದೆಯೂ ಬೇಕಾಗುತ್ತದೆ. ತರಬೇತಿ ಕೊಡುವವರಿಗೆ ಯಂತ್ರ ಗೊತ್ತು. ಕಾಳು ಗೊತ್ತಿರುವುದು ಈ ಮಹಿಳೆಯರಿಗೆ. ಇಬ್ಬರೂ ಒಂದು ಮುಷ್ಟಿ ಅಕ್ಕಿಯನ್ನು ಅಂಗೈಯಲ್ಲಿಟ್ಟು ನೋಡುವಲ್ಲಿ ಕಲಿಕೆ ಆರಂಭವಾಗುತ್ತದೆ.

ಮಗ್ಗ ಮತ್ತು ಪಾಠಶಾಲೆಗಳೊಂದಿಗೆ ಹೋಲಿಸಿದಾಗ ಈ ಸಂಘದ ಎರಡು ಲಕ್ಷಣಗಳು ಎದ್ದು ಕಾಣುತ್ತವೆ. ಒಂದು, ಅರಿವನ್ನು ಹಂಚಿದಷ್ಟೂ ಗುಂಪಿಗೆ ಲಾಭ. ಬೀಜ ಬ್ಯಾಂಕು ಉಳಿಯುವುದು ಬೀಜವನ್ನು ಕೊಟ್ಟು, ಬೆಳೆಸಿ, ಮರಳಿ ಪಡೆಯುವುದರಿಂದ. ಹೆಚ್ಚು ಹಳ್ಳಿಗಳು ಬಿತ್ತಿದಷ್ಟೂ ಘಟಕಕ್ಕೆ ಕೆಲಸ ಸಿಗುತ್ತದೆ. ಗುಟ್ಟು ಕಾಯುವ ಅಗತ್ಯ ಇಲ್ಲಿ ಕಡಿಮೆ. ಮತ್ತೊಂದು, ಕೂಡುವುದಕ್ಕೆ ಸ್ವಂತ ಕಾರಣವಿದೆ. ಉಳಿತಾಯ, ಸಾಲ, ಘಟಕದ ದುಡಿಮೆ ಇವು ಸದಸ್ಯರನ್ನು ಮತ್ತೆ ಮತ್ತೆ ಸೇರಿಸುತ್ತವೆ. ಗುಂಪಿನ ಕಲಿಕೆ ಬಾಳಬೇಕಾದರೆ ಸದಸ್ಯರ ಆರ್ಥಿಕ ಹಿತ ಅದನ್ನು ಹಂಚುವ ದಿಕ್ಕಿನಲ್ಲೇ ಇರಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

7. ನಡಾವಳಿಯ ಭಾಷೆ

ಗುಂಪು ಕಲಿಕೆಯ ಸೋಲುಗೆಲುವುಗಳಲ್ಲಿ ಭಾಷೆಯ ಪಾತ್ರವನ್ನು ಕನ್ನಡ ಅಧ್ಯಯನಕಾರರು ವಿಶೇಷವಾಗಿ ಗಮನಿಸಬೇಕಾಗಿದೆ. ತರಬೇತಿಯ ಕನ್ನಡದಲ್ಲಿ ‘ಸಾಮರ್ಥ್ಯವರ್ಧನೆ’, ‘ಸಂಪನ್ಮೂಲ ವ್ಯಕ್ತಿ’, ‘ಫಲಾನುಭವಿ’ ಮೊದಲಾದ ಪದಗಳು ನೆಲೆಗೊಂಡಿವೆ. ‘ಸಂಪನ್ಮೂಲ ವ್ಯಕ್ತಿ’ ಎಂದಾಗ ಸಂಪತ್ತು ಬಂದವರಲ್ಲಿದೆ, ಕುಳಿತವರಲ್ಲಿಲ್ಲ ಎಂಬ ಧ್ವನಿ ಹೊರಡುತ್ತದೆ. ‘ಫಲಾನುಭವಿ’ ಎಂಬುದು ಬಿತ್ತಿದವನನ್ನು ಮರೆಸಿ ಉಂಡವನನ್ನು ಮಾತ್ರ ಹೇಳುತ್ತದೆ.

ಸಂಘದ ನಡಾವಳಿಯ ವಾಕ್ಯರಚನೆ ಇನ್ನೂ ಸೂಕ್ಷ್ಮವಾದ ಸಂಗತಿ. ‘ಚರ್ಚಿಸಲಾಯಿತು’, ‘ತೀರ್ಮಾನಿಸಲಾಯಿತು’, ‘ಸರ್ವಾನುಮತದಿಂದ ಠರಾವು ಪಾಸು ಮಾಡಲಾಯಿತು’ ಎಂಬ ಕರ್ಮಣಿ ಪ್ರಯೋಗಗಳಲ್ಲಿ ಹೇಳಿದವರು ಯಾರು, ಒಪ್ಪದವರು ಯಾರು, ಯಾವ ಕಾರಣದಿಂದ ಎಂಬುದು ಅಳಿಸಿಹೋಗುತ್ತದೆ. ಆಡಳಿತದ ದಾಖಲೆಗೆ ಈ ಶೈಲಿ ಸಾಕು. ಕಲಿಕೆಯ ದಾಖಲೆಗೆ ಸಾಲದು. ಕಳೆದ ವಾರ ‘ಕಾಳು ಇನ್ನೂ ಹಸಿ ಐತಿ’ ಎಂದು ಒಬ್ಬಳು ಹೇಳಿದ್ದಳು, ಉಳಿದವರು ಒಪ್ಪದೆ ಯಂತ್ರಕ್ಕೆ ಹಾಕಿದರು, ನುಚ್ಚು ಮತ್ತು ಸಿಪ್ಪೆ ಇಷ್ಟು ಬಂತು ಎಂದು ಬರೆದಿಟ್ಟರೆ ಮಾತ್ರ ಮುಂದಿನ ವಾರ ಹೋಲಿಸಲು ಆಧಾರ ಸಿಗುತ್ತದೆ. ಕರ್ತೃವನ್ನು ಉಳಿಸಿಕೊಳ್ಳುವ ಕರ್ತರಿ ವಾಕ್ಯ, ಆಡಿದ ಮಾತನ್ನು ಆಡಿದಂತೆ ಬರೆಯುವ ಉಪಭಾಷೆ ಇವೆರಡಕ್ಕೂ ನಡಾವಳಿಯಲ್ಲಿ ಎಡೆಯಿರಬೇಕು. ಪುಸ್ತಕ ಬರೆಯುವವಳು ಶಿಷ್ಟ ಕನ್ನಡಕ್ಕೆ ತಿದ್ದಿ ಬರೆಯುವಾಗ ಕಳೆದುಹೋಗುವುದು ಬರಿಯ ಆಡುಮಾತಲ್ಲ, ಹದವನ್ನು ಕುರಿತ ಸಾಕ್ಷ್ಯ. ನವಲಗುಂದದ ಮಗ್ಗದ ನೆಲೆಯಲ್ಲಾದರೆ ಮನೆಮಾತಾದ ಉರ್ದುವಿಗೂ ಇದೇ ನ್ಯಾಯ ಸಲ್ಲಬೇಕಾಗುತ್ತದೆ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ವೃತ್ತಿಪದಕೋಶಗಳು ಕಸುಬಿನ ಪದಗಳನ್ನು ಉಳಿಸುವಲ್ಲಿ ದೊಡ್ಡ ಹೆಜ್ಜೆ. ಅದರ ಮುಂದಿನ ಹೆಜ್ಜೆಯಾಗಿ, ಕೆಲಸ ಕಲಿಯುವಾಗ ನಡೆಯುವ ಮಾತುಕತೆಯನ್ನೇ, ಅಂದರೆ ಪ್ರಶ್ನೆ, ಮರುಪ್ರಶ್ನೆ, ತಿದ್ದುಪಡಿ, ಮೌನಗಳನ್ನು, ದಾಖಲಿಸುವ ಕಾರ್ಯ ಆಗಬೇಕಾಗಿದೆ.

8. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಗುಂಪಿನಲ್ಲಿ ಕಲಿಯುವ ಬಗೆ ಗ್ರಾಮೀಣ ಧಾರವಾಡಕ್ಕೆ ಹೊರಗಿನಿಂದ ಬಂದುದಲ್ಲ. ಹಂತಿಯಲ್ಲಿ ಗತಿಯನ್ನು ಕಾಯುವವನೂ ಮಗ್ಗದ ಮುಂದಿನ ಜೋಡಿಯೂ ಅದರ ಹಳೆಯ ರೂಪಗಳು. ಹಾಗೆಂದು ಹೊಸ ಪದ್ಧತಿ ಹಳೆಯದರ ಹೆಸರು ಬದಲಾವಣೆಯೂ ಅಲ್ಲ. ಹಳೆಯ ಗುಂಪುಗಳಲ್ಲಿ ಲಿಂಗ, ಮನೆತನ, ಜಾತಿಗಳ ಬೇಲಿಯಿತ್ತು. ಹೊಸ ಪದ್ಧತಿ ಬಾಗಿಲನ್ನು ತೆರೆಯುವ, ಕಾರಣವನ್ನು ಬಾಯಿಬಿಟ್ಟು ಹೇಳಿಸುವ, ಕಂಡದ್ದನ್ನು ಬರೆದಿಡುವ ಶಿಸ್ತನ್ನು ತಂದಿತು. ಹಳೆಯದರಲ್ಲಿದ್ದು ಹೊಸದರಲ್ಲಿ ಕೊರತೆಯಾಗಿರುವುದು ಕೆಲಸವೇ ಜನರನ್ನು ಕೂಡಿಸುವ ಸಹಜ ಬಂಧ. ತೀರ್ಥದ ನಿದರ್ಶನ ಈ ಎರಡನ್ನೂ ಕೂಡಿಸುವ ಸಾಧ್ಯತೆಯನ್ನು ತೋರಿಸುತ್ತದೆ.

ಅನುವುಗಾರನ ಸ್ಥಾನವನ್ನೂ ಈ ಹಿನ್ನೆಲೆಯಲ್ಲಿ ಮರುವ್ಯಾಖ್ಯಾನಿಸಬೇಕಾಗುತ್ತದೆ. ಆತ ಉತ್ತರ ಹೇಳತೊಡಗಿದರೆ ಗುಂಪು ತರಗತಿಯಾಗುತ್ತದೆ. ವರದಿ ತುಂಬಿಸತೊಡಗಿದರೆ ಕಚೇರಿಯಾಗುತ್ತದೆ. ಕಾಳು, ನೂಲು, ಗಿಡ, ಮಣ್ಣುಗಳನ್ನು ನಡುವೆ ಇಟ್ಟು, ಹಲವರ ಅಂದಾಜುಗಳು ಒಂದಕ್ಕೊಂದು ತಾಗುವಂತೆ ನೋಡಿಕೊಳ್ಳುವುದಷ್ಟೇ ಆತನ ಕೆಲಸ. ಹದವನ್ನು ತೋರಿಸಿಕೊಡುವುದು ಕೆಲಸವೇ ಹೊರತು ಕಲಿಸುವವನಲ್ಲ. ಕೆಲಸದ ಮಾತನ್ನು ಕೇಳಿಸಿಕೊಳ್ಳಲು ಬೇಕಾದ ಕನ್ನಡವನ್ನು ಒದಗಿಸುವ ಹೊಣೆ ಕನ್ನಡ ವಿಭಾಗಗಳ ಮೇಲೂ ಇದೆ.